ಎಡ ಹೆಗಲಿಗೆ ಒಂದು ಬೆರಳು

ಮೊನ್ನೆ ಟ್ರಂಕಿನ ಬಟ್ಟೆಗಳನ್ನು ಬಿಸಿಲಿಗೆ ಹಾಕುವಾಗ, ಹಳೆಯ ಪೇಪರಿನಲ್ಲಿ ಕತ್ತರಿಸಿಟ್ಟ ಕುಬಸದ ಅಚ್ಚೊಂದು ನಿಮ್ಮ ಕೈಗೆ ಸಿಕ್ಕಿತು. ಅದರ ಒಂದು ಹೆಗಲು ಮೇಲೆ, ಒಂದು ಕೆಳಗೆ. "ಅಜ್ಜಿ, ನಿನಗ ಕತ್ತರಿ ಹಿಡಿಯಾಕ ಬರ್ತಿದ್ದಿಲ್ಲೇನ?" ಎಂದು ನಕ್ಕಿರಿ. ಬಾಯಿಬಿಟ್ಟು ಹೇಳುವುದು ನನಗೆ ಎಂದೂ ಆಗಿಬಂದಿಲ್ಲ. ಹಂಸಭಾವಿ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು, ಬರೆಯುವುದಾದರೆ ಬರೆದೇನು.

ನಿಮ್ಮ ಅಜ್ಜ ಹಿರೇಕೆರೂರಿನ ಪೇಟೆಯಲ್ಲಿ ಅಂಗಿ, ಪಾಯಜಾಮ ಹೊಲಿಯುತ್ತಿದ್ದರು. ಹೆಂಗಸರ ಕುಬಸ, ಹುಡುಗಿಯರ ಲಂಗ, ಕೂಸುಗಳ ಕುಂಚಿಗೆ, ಇವೆಲ್ಲ ಮನೆಯಲ್ಲಿ ನನ್ನ ಪಾಲು. ಅದು ಎಪ್ಪತ್ತರ ದಶಕದ ಆರಂಭ. ಆಗ ಹೆಣ್ಣುಮಕ್ಕಳು ಮೈ ಅಳತೆ ಕೊಡಲು ನಾಚುತ್ತಿದ್ದರು. ಸರಿಯಾಗಿ ಕೂರುವ ಹಳೆಯ ಕುಬಸವೊಂದನ್ನು ಹೊಸ ಬಟ್ಟೆಯ ಜೊತೆ ಗಂಟು ಕಟ್ಟಿ ಕಳಿಸುತ್ತಿದ್ದರು. ಅದಕ್ಕೆ ಅಳತೆ ಕುಬಸ ಎನ್ನುತ್ತಿದ್ದೆವು. ನನಗೂ ಅದೇ ಅನುಕೂಲವಾಗಿತ್ತು. ಟೇಪು ಹಿಡಿದು ಇನ್ನೊಬ್ಬರ ಮೈ ಮುಟ್ಟಲು ನನಗೆ ಅವರಿಗಿಂತ ಹೆಚ್ಚು ನಾಚಿಕೆ.

ನಿಮ್ಮ ಅಜ್ಜನಿಗೆ ಅದು ಒಪ್ಪಿಗೆ ಇರಲಿಲ್ಲ. "ಅಳತಿ ಕುಬಸ ಅರ್ಧಾನ ಹೇಳ್ತೈತಿ. ಮಂದೀನ್ನ ನೋಡು. ಹೆಂಗ ಕುಂದರ್ತಾರ, ಏನ ಕೆಲಸ ಮಾಡ್ತಾರ, ಅದನ್ನ ನೋಡಿ ಕತ್ತರಿ ಹಿಡಿ" ಎನ್ನುತ್ತಿದ್ದರು. ಮಾತಾಡಲು ಬಾರದವಳಿಗೆ ನೋಡುವುದು ಬೇಗ ಬಂತು. ಕನ್ನಡ ಶಾಲೆಯ ಅಕ್ಕೋರು ದಿನವಿಡೀ ಕೈ ಎತ್ತಿ ಬೋರ್ಡಿನ ಮೇಲೆ ಬರೆಯುತ್ತಾರೆ, ಅವರಿಗೆ ಕಂಕುಳಲ್ಲಿ ಸಡಿಲ ಬಿಡಬೇಕು. ಅಬಲೂರಿನಿಂದ ಸಂತೆಗೆ ಬರುವ ಮುದುಕಿಗೆ ತಂಬಾಕಿನ ಚೀಲ ಇಡಲು ಕುಬಸದ ಒಳಗೊಂದು ಕಿಸೆ ಬೇಕು. ಸೊಸೆಗೆ ಅದು ಕಾಣಬಾರದು. ಇದನ್ನೆಲ್ಲ ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಹೊಲಿದುಕೊಟ್ಟ ಮೇಲೆ ಒಂದು ಸಲ ನನ್ನ ಮುಖ ನೋಡುತ್ತಿದ್ದರು, ಅಷ್ಟೇ.

ಹೀಗೆ ಬರುತ್ತಿದ್ದವರಲ್ಲಿ ನಮ್ಮ ಓಣಿಯ ಒಬ್ಬ ಹೆಣ್ಣುಮಗಳಿದ್ದರು. ಅವರನ್ನು ಸವಣೂರಿನ ಎಲೆತೋಟದ ಮನೆಗೆ ಕೊಟ್ಟಿತ್ತು. ಪಂಚಮಿಗೆ ತವರಿಗೆ ಬಂದಾಗ ವರ್ಷದ ಬಟ್ಟೆಯೆಲ್ಲ ನನ್ನಲ್ಲೇ ಹೊಲಿಸುತ್ತಿದ್ದರು. ತವರಿನ ಸಲುಗೆಯಿಂದ ನಿಮ್ಮ ಅಜ್ಜನಿಗೆ ಅಣ್ಣ, ಅಣ್ಣನ ಹೆಂಡತಿಯೆಂದು ನನಗೆ ವೈನಿ ಎನ್ನುತ್ತಿದ್ದರು. ನಾನು ಅವರನ್ನು ಅಕ್ಕಾರ ಎನ್ನುತ್ತಿದ್ದೆ.

ಮೊದಲ ವರ್ಷ ಅವರ ಅಳತೆ ಕುಬಸದ ಪ್ರಕಾರವೇ ಹೊಲಿದೆ. ಅದನ್ನು ತೊಟ್ಟು ಎಲೆಯ ಕಟ್ಟು ಕೊಡಲು ಬಂದರು. ಕೂತು ಮಾತಾಡುವಾಗ ಎಡಗಡೆ ಬಟ್ಟೆ ಜಾರುತ್ತಿತ್ತು, ಅವರು ಮತ್ತೆ ಮತ್ತೆ ಸೆರಗು ಎಳೆದುಕೊಳ್ಳುತ್ತಿದ್ದರು. ಆಗ ಕಂಡಿತು: ಅವರ ಎಡ ಹೆಗಲು ಬಲಕ್ಕಿಂತ ಒಂದು ಬೆರಳಿನಷ್ಟು ಕೆಳಗಿತ್ತು. ಹುಟ್ಟಿನಿಂದಲೇ ಹಾಗಿದ್ದಿರಬೇಕು. ಮುಂದಿನ ಕುಬಸಕ್ಕೆ ಎಡಗಡೆ ಒಂದು ಬೆರಳು ಬಟ್ಟೆ ಎತ್ತರ ಬಿಟ್ಟು, ಒಳಗೆ ಹಳೆಯ ಮೆತ್ತನೆಯ ಧೋತರದ ಚೂರು ಮಡಿಚಿಟ್ಟು ಹೊಲಿದೆ. ತೊಟ್ಟರೆ ಎರಡೂ ಹೆಗಲು ಸಮ ಕಾಣುತ್ತಿದ್ದವು. ಅದಕ್ಕಾಗಿ ಕತ್ತರಿಸಿದ್ದೇ ನಿಮಗೆ ಸಿಕ್ಕ ಅಚ್ಚು.

ಅಕ್ಕಾರು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತರು. ಮರುವರ್ಷ ಗಂಟಿನಲ್ಲಿ ಅಳತೆ ಕುಬಸ ಇರಲಿಲ್ಲ.

"ಅಳತಿದು ಮರತ ಬಂದೀರಿ ಅಕ್ಕಾರ," ಎಂದೆ.

"ಯಾಕ ಬೇಕ್ರಿ ವೈನಿ? ನಿಮ್ಮ ಕೈಗೆ ಗೊತ್ತೈತಲ್ಲ."

ಇಷ್ಟು ವರ್ಷಗಳಲ್ಲಿ ಹೆಗಲಿನ ಬಗ್ಗೆ ನಮ್ಮಿಬ್ಬರ ನಡುವೆ ಆದ ಮಾತು ಇದೊಂದೇ.

ಆ ಖುಷಿಗೆ ನಾನು ಅವರ ತೋಳಿನ ಅಂಚಿಗೆ ವೀಳ್ಯದೆಲೆಯ ಬಳ್ಳಿ ಕಸೂತಿ ಹಾಕಿದೆ. ಗೋಪುರ, ತುಳಸಿಕಟ್ಟೆ, ಆನೆ ಎಲ್ಲರೂ ಹಾಕುತ್ತಿದ್ದರು. ಎಲೆಬಳ್ಳಿ ಯಾರಲ್ಲೂ ಇರಲಿಲ್ಲ. ಎಳೆ ಎಣಿಸಿ ನಾನೇ ಕಟ್ಟಿಕೊಂಡದ್ದು. ನಿಮ್ಮ ಅಜ್ಜ ನೋಡಿ, "ಎಲಿ ಏನೋ ಹಾಕಿದಿ. ಅಡಕಿ, ಸುಣ್ಣ ಎಲ್ಲಿಟ್ಟಿ?" ಎಂದು ಕಾಡಿಸಿದರು. ಅಕ್ಕಾರು, "ಅಡಕಿ ನಮ್ಮಣ್ಣನ ಬಾಯಾಗ ಐತಿ, ಬಿಡ್ರಿ ವೈನಿ" ಎಂದರು. ಅದಕ್ಕೆ ಇವರು ಬಾಯಿ ತುಂಬಿಕೊಂಡೇ ನಕ್ಕರು.

ಅವರಿಗೆ ಮಗಳು ಹುಟ್ಟಿದಾಗ ಕುಂಚಿಗೆ ಹೊಲಿದವಳೂ ನಾನೇ. ಲಂಗ ಹಾಕುವ ವಯಸ್ಸಿಗೆ ಅವಳು, "ಅತ್ತಿ, ನನಗೂ ಎಲಿ ಹಾಕ್ರಿ, ಅವ್ವನಕ್ಕಿಂತ ದೊಡ್ಡೂ ಹಾಕ್ರಿ" ಎಂದು ಹಟ ಹಿಡಿಯುತ್ತಿದ್ದಳು. ಬೆಳೆದಂತೆ ಅವಳ ಎಡ ಹೆಗಲೂ ತಾಯಿಯಂತೆ ಇಳಿಯಿತು. ನಾನು ತಾಯಿಗೆ ಮಾಡಿದ್ದನ್ನೇ ಮಗಳಿಗೂ ಮಾಡಿದೆ. ತಾಯಿ ಮತ್ತೆ ಸುಮ್ಮನೆ ನನ್ನ ಮುಖ ನೋಡಿದರು.

ಆ ಹುಡುಗಿ ಇನ್ನೂ ಲಂಗದಲ್ಲಿ ಇರುವಾಗಲೇ ನಿಮ್ಮ ಅಜ್ಜ ಹೋದರು. ಅಂಗಡಿ ಬಿಟ್ಟುಕೊಟ್ಟು ಯಂತ್ರವನ್ನು ಮನೆಗೆ ತಂದುಕೊಂಡೆ. ಹೊಲಿಗೆ ನಿಲ್ಲಲಿಲ್ಲ. ಆದರೆ ಮದುಮಗಳ ಹಸಿರು ಕುಬಸ ಮಾತ್ರ ನನ್ನಲ್ಲಿಗೆ ಬರುವುದು ನಿಂತಿತು. ಅದನ್ನು ಮುತ್ತೈದೆಯ ಕೈಯಿಂದ ಹೊಲಿಸಬೇಕು ಅನ್ನುವುದು ನಮ್ಮ ಕಡೆಯ ಪದ್ಧತಿ. ಅಂಗಡಿಯ ದರ್ಜಿ ಹೊಲಿದರೂ ನಡೆದೀತು, ಗಂಡ ಸತ್ತವಳದ್ದು ನಡೆಯದು. ಯಾರೂ ನನ್ನ ಮುಖಕ್ಕೆ ಹೇಳಲಿಲ್ಲ. ಹೇಳುವ ಕಷ್ಟ ಅವರಿಗೆ ಬರಬಾರದೆಂದು, ಒಬ್ಬರ ಮನೆಯಲ್ಲಿ ಮದುವೆ ಗೊತ್ತಾಯಿತೆಂದು ಕಿವಿಗೆ ಬಿದ್ದ ಕೂಡಲೇ ನಾನೇ ಮುಂಚಿತವಾಗಿ "ಈ ಸಲ ಕೆಲಸ ಬಾಳ ಐತ್ರಿ" ಎನ್ನುತ್ತಿದ್ದೆ. ಅವರ ಮುಖ ಹಗುರಾಗುತ್ತಿತ್ತು. ಅದು ದೊಡ್ಡ ಮರ್ಯಾದೆ ಎಂದು ನಾನು ತಿಳಿದಿದ್ದೆ.

ಎಂಬತ್ತರ ದಶಕದ ಕೊನೆಗೆ ಅಕ್ಕಾರ ಮಗಳನ್ನು ಶಿಗ್ಗಾವಿಯ ಮನೆಯೊಂದಕ್ಕೆ ಗೊತ್ತು ಮಾಡಿದರು. ನೋಡಲು ಬಂದ ದಿನ ಹುಡುಗಿ ನಾನು ಹೊಲಿದ ಗುಲಾಬಿ ಕುಬಸ ತೊಟ್ಟಿದ್ದಳಂತೆ. ಕೆಲವು ದಿನಗಳಲ್ಲಿ ಅಕ್ಕಾರ ತಮ್ಮ ಒಂದು ಗಂಟು ಹಿಡಿದು ನಮ್ಮ ಮನೆಗೆ ಬಂದರು. ಬಿಚ್ಚಿದರೆ ಹಸಿರು ಬಟ್ಟೆ, ಮೂಲೆಗೆ ಹಚ್ಚಿದ ಅರಿಷಿಣ ಕುಂಕುಮ.

"ಅಕ್ಕ ಶನಿವಾರ ತಾನ ಬರ್ತಾಳಂತ್ರಿ, ಮಾತಾಡೂದೈತಂತ. ಅಲ್ಲೀತನಕ ಇಟಗೋರಿ ಅಂದಾಳ."

ಗಂಟು ನನ್ನ ತೊಡೆಯ ಮೇಲಿತ್ತು. ಅಕ್ಕಾರು ಪ್ರೀತಿಗೆ ಕಳಿಸಿದ್ದಾರೆ, ಅವರ ಅತ್ತೆಗೆ, ಶಿಗ್ಗಾವಿಯ ಬೀಗರಿಗೆ ಗೊತ್ತಾದರೆ ಅವರೇ ಮಾತು ಕೇಳಬೇಕಾಗುತ್ತದೆ ಎನಿಸಿತು. ಶನಿವಾರ ಬರುವುದು ಬಹುಶಃ ಅದನ್ನೇ ಹೇಳಿ, ಬಟ್ಟೆ ವಾಪಸು ಒಯ್ಯಲು ಇರಬೇಕು ಎಂದೂ ಎನಿಸಿತು. ಅಷ್ಟು ಯೋಚಿಸಿದವಳು ಎರಡು ದಿನ ಕಾದಿದ್ದರೆ ಸಾಕಿತ್ತು. ಕಾಯಲಿಲ್ಲ. ಗಂಟನ್ನು ಮತ್ತೆ ಕಟ್ಟಿ ಅವರ ತಮ್ಮನ ಕೈಗೇ ಕೊಟ್ಟೆ.

"ಕಣ್ಣು ಮಂಜಾಗ್ಯಾವ, ಸಣ್ಣ ಹೊಲಿಗಿ ಆಗೂದಿಲ್ಲ ಅಂತ ಹೇಳ್ರೀಪಾ. ಹಾನಗಲ್ಲಾಗ ಚಲೋ ದರ್ಜಿ ಅದಾನ."

ಶನಿವಾರ ಅಕ್ಕಾರು ಬರಲಿಲ್ಲ.

ಮದುವೆ ಸವಣೂರಿನಲ್ಲಿ ಆಯಿತು. ಕರೆಯಲು ಬಂದವರ ಮಾತು ಮೀರಲಾರದೆ ಹೋದೆ. ಒಳಗಿನ ಕೋಣೆಯ ಗೋಡೆಗೆ ಒತ್ತಿಕೊಂಡು, ಯಾರ ಕಣ್ಣಿಗೂ ಬೀಳದಂತೆ ಕೂತೆ. ಮದುಮಗಳನ್ನು ಅಲ್ಲಿಯೇ ಕೂರಿಸಿದ್ದರು. ಶಿಗ್ಗಾವಿಯ ಕಡೆಯ ಒಬ್ಬ ಹೆಂಗಸು ಹೂ ಮುಡಿಸಲು ಬಾಗಿದರು. ಹುಡುಗಿಯ ಕುಬಸ ಎಡಗಡೆ ತೋಳಿಗೆ ಇಳಿಯಿತು.

"ಇದೇನ್ರಿ ಬೀಗರ, ಹುಡುಗಿ ಹೆಗಲ ಒಂದ ಕಡೆ ಇಳದೈತಿ? ನೋಡಾಕ ಬಂದಾಗ ಸಮ ಇತ್ತಲ್ಲ. ಮುಚ್ಚಿ ತೋರಿಸಿದ್ರೇನ?"

ಅವರು ನಕ್ಕೇ ಹೇಳಿದರು. ಆದರೆ ಕೋಣೆಯಲ್ಲಿ ಬೇರೆ ಯಾರೂ ನಗಲಿಲ್ಲ. ಅಕ್ಕಾರ ಕಣ್ಣು ಎಲ್ಲರನ್ನೂ ದಾಟಿ ನನ್ನ ಮೇಲೆ ಬಂದು ನಿಂತಿತು.

"ವೈನಿ, ಬರ್ರಿ ಇಲ್ಲೆ."

ನಾನು ಏಳಲಿಲ್ಲ. ಅವರೇ ಬಂದು ಕೈ ಹಿಡಿದು ಎಬ್ಬಿಸಿದರು, ಮಗಳನ್ನೂ ನನ್ನನ್ನೂ ಅಡುಗೆಮನೆಗೆ ಕರೆದೊಯ್ದು ಕದ ಹಾಕಿದರು. ಕುಬಸದ ಹೆಗಲನ್ನು ಮಗುಚಿ ನೋಡಿದೆ. ಹೊಲಿಗೆ ಚೆನ್ನಾಗಿತ್ತು, ಎರಡೂ ಹೆಗಲು ಒಂದೇ ಎತ್ತರ.

"ಅಳತಿಗೆ ಅಂತ ನೀವು ಹೊಲದ ಗುಲಾಬಿದ ಕೊಟ್ಟಿದ್ವಿ," ಎಂದರು ಅಕ್ಕಾರು. "ಆ ದರ್ಜಿ ಅಂದನಂತ, ಮೊದಲ ಹೊಲದಾಕಿ ಡೊಂಕ ಹೊಲದಾಳ, ನಾ ಸರಿ ಮಾಡೇನಿ ಅಂತ."

ಅವನ ತಪ್ಪೇನು? ಯಾವ ದರ್ಜಿಯಾದರೂ ಅದನ್ನೇ ಮಾಡುತ್ತಿದ್ದ. ಹೆಗಲಿನ ಮಾತನ್ನು ನನಗೇ ಬಾಯಿಬಿಟ್ಟು ಹೇಳದ ಅಕ್ಕಾರು ಹಾನಗಲ್ಲಿನ ಗಂಡಸಿಗೆ ಹೇಗೆ ಹೇಳಿಯಾರು?

ಅಕ್ಕಾರ ಕರವಸ್ತ್ರವನ್ನೇ ಮಡಿಚಿ ಎಡ ಹೆಗಲಿನ ಒಳಗಿಟ್ಟೆ. ಯಾವಾಗಲೂ ನನ್ನ ಸಂಚಿಯಲ್ಲಿರುವ ಸೂಜಿಗೆ ದಾರ ಪೋಣಿಸಿದೆ. ಅಡುಗೆಮನೆಯಲ್ಲಿ ಹೊಗೆ, ಬೆಳಕು ಸಾಲದು. ಆದರೂ ಒಂದೇ ಸಲಕ್ಕೆ ಪೋಣಿಸಿದೆ. ಅಕ್ಕಾರು ನೋಡುತ್ತಿದ್ದರು ಎಂದು ದಾರ ಎಳೆದ ಮೇಲೆ ನನಗೆ ಹೊಳೆಯಿತು.

"ಕಣ್ಣ ಮಂಜಾಗ್ಯಾವ ಅಂದಿದ್ರಿ," ಎಂದರು.

ನಾನು ಹುಡುಗಿಯ ಕುಬಸದ ಹೆಗಲಿಗೆ ಹೊಲಿಗೆ ಹಾಕತೊಡಗಿದೆ.

"ನಮ್ಮತ್ತಿಯಾರು ಮೊದಲ ಬ್ಯಾಡ ಅಂದಿದ್ರು. ಒಂದ ತಿಂಗಳ ಅವರ ಬೆನ್ನ ಬಿದ್ದು ಹೂಂ ಅನ್ನಿಸಿದ್ನಿ. ಕುಂಚಿಗಿ ಹೊಲದ ಕೈಲೇ ಕುಬಸಾನೂ ಹೊಲಸಬೇಕು ಅಂತ ನನಗ ಇತ್ತು. ಅದನ್ನ ನಿಮ್ಮ ಮುಂದ ಹೇಳಾಕ ಶನಿವಾರ ಬರಾಕತ್ತಿದ್ನಿ." ಮಗಳ ಸೆರಗು ಸರಿಪಡಿಸುತ್ತ, "ನಮ್ಮ ಮನಿ ಕೆಲಸ ನಿಮಗ ಬ್ಯಾಡಾಗೈತಿ ಅಂತ ತಿಳಕೊಂಡ್ನಿ" ಎಂದರು.

ಆಗ ಹೇಳಬಹುದಿತ್ತು. ನಿಮಗೆ ಯಾರೂ ಒಂದು ಮಾತು ಅನ್ನಬಾರದೆಂದು ಹಾಗೆ ಮಾಡಿದೆ ಎನ್ನಲು ಎಷ್ಟು ಹೊತ್ತು ಬೇಕು? ಹೊರಗೆ ಮುಹೂರ್ತಕ್ಕೆ ಕೂಗುತ್ತಿದ್ದರು. ದಾರ ಕಚ್ಚಿ ಹರಿದೆ. ಹುಡುಗಿ, "ಅತ್ತಿ, ಎಲಿನೂ ಇಲ್ಲ ನೋಡ್ರಿ ಇದಕ್ಕ" ಎಂದು ತೋಳು ತೋರಿಸಿದಳು. ಅವಳ ತಾಯಿ ಅವಳನ್ನು ಕರೆದುಕೊಂಡು ಹೋದರು.

ಅಕ್ಕಿಕಾಳು ಬಿದ್ದವು, ಮದುವೆ ಆಯಿತು. ಆದರೆ "ಮುಚ್ಚಿ ತೋರಿಸಿದರು" ಎಂಬ ಮಾತು ಶಿಗ್ಗಾವಿಯ ಮನೆಯಲ್ಲಿ ಬಹಳ ವರ್ಷ ಉಳಿಯಿತಂತೆ. ಅತ್ತೆ, ನಾದಿನಿಯರು ಏನಾದರೂ ಬೇಸರವಾದಾಗಲೆಲ್ಲ ಅದನ್ನೇ ಎತ್ತುತ್ತಿದ್ದರಂತೆ. ಹುಡುಗಿ ಮನೆಯೊಳಗೂ ಎರಡೂ ಹೆಗಲಿಗೆ ಸೆರಗು ಹೊದ್ದೇ ಓಡಾಡುತ್ತಾಳೆ ಎಂದು ಆ ಕಡೆಯವರು ಹೇಳಿದರು.

ಗಿರಾಕಿಗೆ ಮುಜುಗರ ಆಗಬಾರದು ಎಂದು ನಾನು ಜೀವನವಿಡೀ ಕೇಳುವ ಮೊದಲೇ ತಿಳಿದುಕೊಂಡು ಹೊಲಿದೆ. ಬಟ್ಟೆಯ ಮಟ್ಟಿಗೆ ಅದು ಸರಿಯಾಗಿ ನಡೆಯಿತು. ಮನುಷ್ಯರ ಮನಸ್ಸನ್ನೂ ಹಾಗೆಯೇ ಕೇಳದೆ ತಿಳಿಯಬಹುದು ಎಂದುಕೊಂಡೆ.

ಮುಂದಿನ ಪಂಚಮಿಗೆ ಅಕ್ಕಾರು ತವರಿಗೆ ಬಂದರು. ಅಚ್ಚನ್ನು ತೆಗೆದು ಯಂತ್ರದ ಮೇಲೆ ಇಟ್ಟುಕೊಂಡು, ನಾನು ಬಾಗಿಲಲ್ಲಿ ಕೂತಿದ್ದೆ. ಅವರು ನಮ್ಮ ಮನೆಯ ಮುಂದೆಯೇ ಹಾದು ಹೊರಟರು. ನಿಂತು, "ಆರಾಮ ಅದೀರೇನ್ರಿ ವೈನಿ?" ಎಂದು ಕೇಳಿದರು. "ಆರಾಮ ಅಕ್ಕಾರ" ಎಂದೆ. ಒಂದು ಕಟ್ಟು ಎಲೆ ಕೈಗೆ ಕೊಟ್ಟರು. ಬಗಲಲ್ಲಿ ಗಂಟು ಇರಲಿಲ್ಲ. ಹೊಸ ಕುಬಸ ತೊಟ್ಟಿದ್ದರು. ಎಡಗಡೆ ಜಾರಿತ್ತು. ಸೆರಗು ಎಳೆದುಕೊಂಡು ಹೋದರು.