ಕರಿ ಗ್ರೀಸು, ತಿಳಿ ಗ್ರೀಸು

ಕಿರ್ರ್... ಕಿರ್ರ್... ಅಂಗಡಿಯ ಹಿಂದಿನ ರಿಮೋಟ್ ಕಾರುಗಳ ಟ್ರ್ಯಾಕಿನ ಆಚೆ ತಿರುವಿನಿಂದ ಸದ್ದು ಬಂತು. ವಾಚಣ್ಣನ ಕೈಯಲ್ಲಿದ್ದ ಚಿಮುಟ ನಿಂತಿತು. ಎರಡು ಚಕ್ರಗಳಿಗೂ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿನೊಳಗೆ ಗುಂಡುಗಳು ಹಿಡಿತ ತಪ್ಪಿ ಜಾರುವ ಸದ್ದು ಅದು. ಅದೂ ಹಲ್ಲಿನ ಡಾಕ್ಟರ ಕಾರಿನಿಂದ. ನಿನ್ನೆಯಷ್ಟೇ ಅವನು ಕೈಯಾರೆ ಕಟ್ಟಿಕೊಟ್ಟದ್ದು.

ಮೂವತ್ತು ವರ್ಷ ವಾಚು ರಿಪೇರಿ ಮಾಡಿದವನು. ಜನ ಫೋನಿನಲ್ಲೇ ಹೊತ್ತು ನೋಡತೊಡಗಿದ ಮೇಲೆ ಅಂಗಡಿ ಮುಚ್ಚಿ, ಹೆಂಡತಿಯ ತಮ್ಮನ ರಿಮೋಟ್ ಕಾರಿನ ಅಂಗಡಿಯಲ್ಲಿ ಮೂಲೆಯ ಮೇಜು ಹಿಡಿದ. ಈ ವಯಸ್ಸಿನಲ್ಲಿ ಆಟದ ಸಾಮಾನು ಎಂದು ನೆಂಟರು ನಕ್ಕರು. ಆದರೆ ಉಕ್ಕಿನ ಗುಂಡು ತೆಗೆದು ಸೆರಾಮಿಕ್ ಗುಂಡು ಕೂರಿಸುವುದು, ಅವು ಉರುಳುವ ಬಳೆಗಳನ್ನು ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ಕನ್ನಡಿಯಾಗುವಷ್ಟು ತೀಡುವುದು, ಉಸಿರು ಬಿಗಿಹಿಡಿದು ತಿರುಪನ್ನು ಕೊನೆಯ ಕೂದಲೆಳೆಯಷ್ಟು ಬಿಗಿಯುವುದು ಅವನಂತೆ ಯಾರಿಗೂ ಬರುತ್ತಿರಲಿಲ್ಲ. "ವಾಚಣ್ಣ ಕಟ್ಟಿದ್ದಾ?" ಎಂದು ಕೇಳಿಯೇ ಕೊಳ್ಳುತ್ತಿದ್ದರು. ಅವನಿಗೆ ಉಳಿದಿದ್ದ ಹೆಸರು ಅಷ್ಟೇ.

ಡಾಕ್ಟರು ಕಾರನ್ನು ಕಂಕುಳಲ್ಲಿ ಇರುಕಿಕೊಂಡು ಬಂದರು. "ಏನ್ರೀ ವಾಚಣ್ಣ, ಬಾಲ ತುಳಿದ ನಾಯಿಮರಿ ಥರ ಕೂಗ್ತಿದೆ! ಫೈನಲ್ ತಪ್ಪಿಹೋಯ್ತು."

"ಹಲ್ಲುನೋವಿರಬೇಕು ಡಾಕ್ಟ್ರೇ, ಕಿತ್ತುಬಿಡಿ," ಎಂದರು ಹಿಂದೆ ನಿಂತ ಯಾರೋ. ಎಲ್ಲರೂ ನಕ್ಕರು.

ವಾಚಣ್ಣ ಬಿಚ್ಚಿದ. ಹನ್ನೆರಡು ಗುಂಡೂ ಕಪ್ಪು. ಗುಂಡುಗಳಿಗೆ ತಿಳಿ ಗ್ರೀಸು, ತುದಿಯ ಪುಟ್ಟ ಬೇರಿಂಗಿಗೆ ಮಾತ್ರ ಕರಿಯದು. ಕರಿಯದು ಗುಂಡಿಗೆ ತಾಕಿದರೆ ಹಿಡಿತ ಹೋದಂತೆಯೇ. ತಲೆ ಎತ್ತಿದರೆ ಪಕ್ಕದಲ್ಲಿ ನಿಂತಿದ್ದ ಭಾವಮೈದುನನ ಉಗುರಿನ ಸಂದಿಯಲ್ಲೂ ಅದೇ ಕಪ್ಪು.

ಅವನು ಪಕ್ಕಕ್ಕೆ ಬಗ್ಗಿ ಪಿಸುಗುಟ್ಟಿದ. "ಭಾವ, ಬೆಳಿಗ್ಗೆ ಬಿಗಿ ಅನ್ನಿಸ್ತು, ನಾನೇ ಬಿಚ್ಚಿ ಒಂಚೂರು ಹಚ್ಚಿದೆ. ಅಂಗಡಿಯವನಿಗೇ ಗೊತ್ತಿಲ್ಲ ಅಂದ್ರೆ ಯಾರು ಬರ್ತಾರೆ? ನೀವೇ ಒಪ್ಕೊಂಡ್ಬಿಡಿ. ನಿಮ್ಮದೇನು ಹೋಗತ್ತೆ?"

"ಹೋಗೋದಕ್ಕೆ ಆ ಹೆಸರೊಂದೇ ಇತ್ತಪ್ಪ."

ಭಾವಮೈದುನ ಕಾಯಲಿಲ್ಲ, ಗಿರಾಕಿಗಳತ್ತ ತಿರುಗಿ ದನಿ ಏರಿಸಿದ. "ಬೇಜಾರಾಗ್ಬೇಡಿ ಡಾಕ್ಟ್ರೇ. ಭಾವಂಗೆ ಕಣ್ಣು ಮೊದಲಿನ ಹಾಗಿಲ್ಲ. ಕರಿ ಯಾವ್ದು, ತಿಳಿ ಯಾವ್ದು ಗೊತ್ತಾಗಿಲ್ಲ. ಏನ್ಮಾಡೋದು, ಅಕ್ಕನ ಮುಖ ನೋಡಿ ಕೂರಿಸ್ಕೊಂಡಿದೀನಿ."

ವಾಚಣ್ಣ ಬಾಯಿ ತೆರೆದ. ಎಲ್ಲರ ಮುಖದಲ್ಲೂ ಕನಿಕರ ಆಗಲೇ ಬಂದು ಕೂತಿತ್ತು. ಇನ್ನು ನಿಜ ಹೇಳಿದರೂ ಅದು ಮುದುಕನ ನೆಪ.

"ಅಯ್ಯೋ, ಮೊದಲೇ ಹೇಳ್ಬಾರ್ದಿತ್ತಾ?" ಡಾಕ್ಟರ ದನಿ ಮೆತ್ತಗಾಯಿತು. "ನನ್ನ ಸ್ನೇಹಿತನೇ ಕಣ್ಣಿನ ಡಾಕ್ಟ್ರು. ನನ್ನ ಹೆಸರು ಹೇಳಿ ಸಾಕು..."

ವಾಚಣ್ಣ ಹನ್ನೆರಡನೆಯ ಗುಂಡನ್ನು ಒರೆಸಿ, ಮುಚ್ಚಳದಲ್ಲಿ ಉಳಿದವುಗಳ ಪಕ್ಕ ಇಟ್ಟು ಎದ್ದ.

"...ಬ್ಯಾಂಕಿನ ಮೇಲೇ, ಎರಡನೇ ಮಹಡಿ, ಲಿಫ್ಟಿದೆ, ನೀವು ಮೆಟ್ಟಿಲು ಹತ್ತೋದೇನೂ—"

ವಾಚಣ್ಣ ಬಾಗಿಲು ದಾಟಿದ್ದ.