ನಾನು ಹಿಂಪಡೆದ ಪ್ರಬಂಧ

ಬೇರೆಯವರ ಪ್ರಬಂಧವನ್ನು ಅಚ್ಚಿಗೆ ಮುಂಚೆ ಓದಿ ಪರಿಶೀಲಿಸಿಕೊಡುವುದು ಜೀವವಿಕಾಸದ ಸಂಶೋಧನೆ ಮಾಡುವ ನಮ್ಮಂಥ ಮಂದಿಗೆ ಬಿಟ್ಟಿ ಚಾಕರಿ. ಬರೆದವರು ಯಾರೆಂದು ನಮಗೆ ಹೇಳುವುದಿಲ್ಲ, ನಾವು ಯಾರೆಂದು ಅವರಿಗೆ ಹೇಳುವುದಿಲ್ಲ. ಹೀಗೆ ಮುಖ ಮುಚ್ಚಿಕೊಂಡು ಕೊಂಕು ತೆಗೆಯುವುದರಲ್ಲಿ ನನಗೆ ಖುಷಿಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಹೋದ ವರ್ಷ ವಿಶಾಖಪಟ್ಟಣದ ಮನೆಯಲ್ಲಿ ಬೆಳಗಿನ ಚಹಾ ಕುಡಿಯುತ್ತ ಅಂಥದೊಂದು ಹಸ್ತಪ್ರತಿ ತೆರೆದೆ. ಎರಡನೇ ಪುಟದಲ್ಲೇ ನನ್ನ ಪ್ರಬಂಧದ ಉಲ್ಲೇಖ. ಸೊಳ್ಳೆಮರಿ ತಿನ್ನಲೆಂದು ಊರೂರಿನ ನೀರಿಗೆ ಬಿಟ್ಟ ಗಪ್ಪಿ ಮೀನಿನ ಬಗ್ಗೆ ನಾನು ಬರೆದದ್ದು. ಹಿಡಿದು ತಿನ್ನುವ ದೊಡ್ಡ ಮೀನು ಇದ್ದಲ್ಲಿ ಗಂಡು ಗಪ್ಪಿಗೆ ಅದರ ಬಣ್ಣವೇ ಶತ್ರು; ಇಲ್ಲದ ಕಡೆ, ಹೆಣ್ಣುಗಳು ಬಣ್ಣದ ಗಂಡನ್ನೇ ಮೆಚ್ಚುವುದರಿಂದ, ಬಣ್ಣ ತಲೆಮಾರಿನಿಂದ ತಲೆಮಾರಿಗೆ ಏರುತ್ತದೆ. ಸಿಂಹಾಚಲಂ ಬೆಟ್ಟದ ಬುಡದ ಹಳ್ಳದಲ್ಲಿ ದೊಡ್ಡ ಮೀನುಗಳಿವೆ, ವಿಜಯವಾಡದ ಒಂದು ಕಾಲುವೆಯಲ್ಲಿ ಇಲ್ಲ. ಅದಕ್ಕೇ ವಿಜಯವಾಡದ ಗಂಡುಗಳಿಗೆ ಬಣ್ಣ ಹೆಚ್ಚು ಎಂದಿದ್ದೆ. ನನಗೆ ಒಂದಿಷ್ಟು ಹೆಸರು ತಂದ ಪ್ರಬಂಧ ಅದೊಂದೇ. ಈ ಹಸ್ತಪ್ರತಿಯವರು ಅದೇ ಎರಡು ಕಡೆ ಮೀನು ಹಿಡಿದು, ವ್ಯತ್ಯಾಸವೇ ಕಾಣಲಿಲ್ಲ ಎಂದು ಬಹಳ ವಿನಯದಿಂದ ಬರೆದಿದ್ದರು. ಆ ವಿನಯ ಕಂಡು ಮೈಯೆಲ್ಲ ಉರಿಯಿತು.

ಇದನ್ನು ತಿರಸ್ಕರಿಸಿ ಎಂದು ಎರಡು ಪುಟ ಗೀಚಿದೆ. ಅವರು ಮೀನು ಹಿಡಿದ ಕ್ರಮದಲ್ಲೊಂದು ಹುಳುಕು ಹುಡುಕೋಣವೆಂದು ನನ್ನ ಪ್ರಬಂಧವನ್ನು ಪಕ್ಕಕ್ಕಿಟ್ಟುಕೊಂಡೆ. ಅದರಲ್ಲಿತ್ತು: 'ಬಲೆಗೆ ಬಿದ್ದ ಗಂಡುಗಳನ್ನೆಲ್ಲ, ಆಯ್ಕೆ ಮಾಡದೆ, ತೆಗೆದುಕೊಳ್ಳಲಾಯಿತು.' ಸಿಂಹಾಚಲಂನಲ್ಲಿ ಹಿಡಿದವಳು ನಾನು. ವಿಜಯವಾಡದಲ್ಲಿ ಹಿಡಿದವರು ನನ್ನ ಗಂಡ. ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ. ಅಲ್ಲಿನ ಗವರ್ನರ್‌ಪೇಟೆಯ ಶಾಖೆಯಲ್ಲಿದ್ದು ವಾರಕ್ಕೊಮ್ಮೆ ರೈಲಿನಲ್ಲಿ ಮನೆಗೆ ಬರುತ್ತಾರೆ. ಆ ಮೀನುಗಳೂ ಅವರ ಡಬ್ಬಿಯಲ್ಲೇ ಬಂದಿದ್ದವು.

ಫೋನ್ ಮಾಡಿದೆ. ಹಸ್ತಪ್ರತಿಯ ಗುಟ್ಟು ಬಿಡುವಂತಿಲ್ಲ, ಹಾಗಾಗಿ ಮೀನಿನ ಮಾತಷ್ಟೇ.

"ರೀ, ಆವಾಗ ಬಲ್ಯಾಗ ಬಿದ್ದ ಗಂಡು ಮೀನು ಎಲ್ಲಾ ತಂದಿದ್ರಿ ಹೌದಿಲ್ಲೋ?"

"ಎಲ್ಲಾ ಯಾಕ ತರ್ಲಿ? ಛಲೋ ಬಣ್ಣ ಇದ್ದದ್ದಷ್ಟ ಆರಿಸಿ ತಂದೆ, ಉಳದದ್ದು ನೀರಿಗೇ ಬಿಟ್ಟೆ. ನಿನ್ನ ಕೆಲಸಕ್ಕ ಅಂದಮ್ಯಾಲ ಸಪ್ಪನ್ನ ಮೀನು ಕೊಡ್ಲಿ ಏನು?"

ತರಕಾರಿ ಆರಿಸಿದ ಹಾಗೆ ಆರಿಸಿದ್ದರು, ಪಾಪ, ಪ್ರೀತಿಯಿಂದ. ನಾನು ಫೋನಿನಲ್ಲೇ ಕೂಗಾಡಿದೆ. "ತಪ್ಪು ನಂದ ಅಂತ ಬರದಬಿಡು" ಎಂದರು. ವಾರವಿಡೀ ಸಿಡಿಮಿಡಿಗುಟ್ಟುತ್ತಿದ್ದೆ. ಆದರೆ 'ಆಯ್ಕೆ ಮಾಡದೆ' ಎಂಬ ಆ ವಾಕ್ಯ ಅವರದಲ್ಲವಲ್ಲ. ಕಣ್ಣಾರೆ ಕಾಣದ್ದನ್ನು, ಒಂದು ಮಾತೂ ಕೇಳದೆ, ಬರೆದವಳು ನಾನೇ.

ಆ ಎರಡು ಪುಟ ಅಳಿಸಿ ಸಂಪಾದಕರಿಗೆ ನನ್ನ ಹೆಸರು ಹಾಕಿಯೇ ಪತ್ರ ಬರೆದೆ: ಇವರು ಹೇಳುವುದು ಸರಿ, ಅಚ್ಚು ಹಾಕಿ, ನನ್ನ ಪ್ರಬಂಧ ಹಿಂಪಡೆಯುತ್ತೇನೆ. ಈಗ ಅದನ್ನು ತೆರೆದರೆ ಪ್ರತಿ ಪುಟದ ಮೇಲೂ 'ಹಿಂಪಡೆಯಲಾಗಿದೆ' ಎಂದು ಅಡ್ಡಡ್ಡ ಬರೆದಿರುತ್ತದೆ. ಮೊದಲ ಸಲ ನೋಡಿದಾಗ ಅತ್ತುಬಿಟ್ಟೆ.

ಎಲ್ಲವನ್ನೂ ಹೊಸದಾಗಿ ಮಾಡೋಣವೆಂದು ಒಂದು ಭಾನುವಾರ ಬೆಳಿಗ್ಗೆ ವಿಜಯವಾಡಕ್ಕೆ ಹೋದೆ. ಗಂಡ ಕಾಲುವೆಯವರೆಗೂ ಜೊತೆಗೆ ಬಂದರು. "ಬಲೀ ನೀನ ಹಿಡಿ ಮಾರಾಯ್ತಿ, ನಾ ಮುಟ್ಟಂಗಿಲ್ಲ" ಎಂದು ದೂರ ನಿಂತರು. ದಡದ ಹತ್ತಿರವೇ ಗಪ್ಪಿಗಳ ಗುಂಪಿತ್ತು. ಬಲೆ ಇಳಿಸಿದ ಕಡೆಯೇ ನೆಟ್ಟಗೆ ಮೇಲೆತ್ತಬೇಕು, ಅಷ್ಟೇ ಕೆಲಸ. ಆದರೆ ಕಿತ್ತಳೆ ಬಾಲದ ಒಂದು ಗಂಡು ಪಕ್ಕಕ್ಕೆ ಸರಿಯಿತು, ನನ್ನ ಕೈಯೂ ಅದರ ಹಿಂದೆಯೇ ಸರಿಯಿತು.

ಗಂಡ ನೋಡಿದರು. ನಗಲಿಲ್ಲ, ಮುಖ ಆ ಕಡೆ ತಿರುಗಿಸಿಕೊಂಡರು.

ನಾನು ಬಲೆ ಹಿಡಿದುಕೊಂಡು ಹಾಗೇ ಕೂತೆ. ಅಂದು ಸಿಂಹಾಚಲಂ ಹಳ್ಳದಲ್ಲಿ ನನಗೆ ಬೇಕಾಗಿದ್ದದ್ದು ಬಣ್ಣವಿಲ್ಲದ ಮಂಕು ಮೀನು. ಅಲ್ಲಿ ಈ ಕೈ ಯಾವುದರ ಹಿಂದೆ ಹೋಗಿತ್ತೆಂದು ನೋಡಿದವರು ಯಾರೂ ಇಲ್ಲ.