ತಮ್ಮನ ಸಸ್ಪೆನ್ಷನ್

ಫೋನಿನಲ್ಲಿ ನಾನು ‘ಕಾರಿನ’ ಎಂಬ ಪದ ಹೇಳಿದೆನೋ ಇಲ್ಲವೋ, ಪ್ರಮಾಣ ಮಾಡಲಾರೆ. ಹೇಳಿದ್ದೆ ಅಂತಲೇ ನನ್ನ ನೆನಪು. ಆದರೆ ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ವಾದಿಸುತ್ತದೆ. ಪೂರ್ತಿ ನಂಬಬೇಡಿ.

ನನ್ನ ತಮ್ಮ ನವೀನ ಶಿಡ್ಲಘಟ್ಟದ ಹತ್ತಿರ ಸರ್ಕಾರಿ ಹೈಸ್ಕೂಲಿನಲ್ಲಿ ಮೇಷ್ಟ್ರು. ಅವನ ಬಳಿ ಒಂದು ಹಳೆಯ ಸ್ಪೋರ್ಟ್ಸ್ ಕಾರಿದೆ. ಎರಡೇ ಬಾಗಿಲು. ಹಿಂದಿನ ಮಾಲೀಕ ಯಾರೋ ಪುಣ್ಯಾತ್ಮ, ಸ್ಟೈಲಿಗೆ ಅಂತ ಸ್ಪ್ರಿಂಗ್ ಕತ್ತರಿಸಿ ಅದನ್ನು ನೆಲಕ್ಕೆ ತಾಗುವಷ್ಟು ಇಳಿಸಿದ್ದ. ಜಂಗಮಕೋಟೆಯ ಹಂಪ್ ಬಂತೆಂದರೆ ನಾವೆಲ್ಲ ಇಳಿದು ನಡೆಯಬೇಕು. (ಸೀರೆ ಉಟ್ಟು ಆ ಕಾರಿನಿಂದ ಏಳುವುದೆಂದರೆ ಬಾವಿಯಿಂದ ಹತ್ತಿ ಬಂದ ಹಾಗೆ.) ಇಷ್ಟಾದರೂ ಬೇರೆ ಕಾರು ಕೊಳ್ಳುತ್ತಾನಾ? ಇಲ್ಲ. ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರು ತರಿಸಿದ. ಎತ್ತರ ಹೆಚ್ಚುಕಡಿಮೆ ಮಾಡಬಹುದಂತೆ. ಇದೆಲ್ಲ ಸೇರಿದರೆ ಅದಕ್ಕೆ ಸಸ್ಪೆನ್ಷನ್ ಅಂತ ಹೆಸರಂತೆ.

“ಹಂಪೂ ದಾಟುತ್ತೆ, ತಿರುವಲ್ಲಿ ರಸ್ತೇನೂ ಬಿಡಲ್ಲ ಕಣಕ್ಕ,” ಅಂದ. ಶಾಲೆ ಬಿಟ್ಟರೆ ಚಿಕ್ಕಬಳ್ಳಾಪುರದ ಗ್ಯಾರೇಜಿನಲ್ಲೇ ಠಿಕಾಣಿ.

ಆಗಲೇ ಗೌರಿಬಿದನೂರಿನಿಂದ ಸೋದರತ್ತೆಯ ಫೋನು. ನವೀನನಿಗೆ ಚಿಂತಾಮಣಿಯ ಸಂಬಂಧ ತಂದವರು ಅವರೇ. ಹುಡುಗ, ಹುಡುಗಿ ಇಬ್ಬರೂ ಒಪ್ಪಿಯಾಗಿತ್ತು. ಮಾತುಕತೆಗೆ ದಿನ ಗೊತ್ತು ಮಾಡುವುದಷ್ಟೇ ಬಾಕಿ.

“ನವೀನ ಯಾವಾಗ ಬಿಡುವಾಗ್ತಾನಮ್ಮಾ?”

“ಸಸ್ಪೆನ್ಷನ್ ವಿಷಯಕ್ಕೆ ಚಿಕ್ಕಬಳ್ಳಾಪುರಕ್ಕೆ ಓಡಾಡ್ತಿದಾನೆ ಅತ್ತೆ. ಅದೊಂದು ಮುಗೀಲಿ, ಆಮೇಲೆ ದಿನ ನೋಡಣ.”

“ಅಯ್ಯೋ ದೇವ್ರೇ!”

ಆ ಕಾರಿನ ಬಗ್ಗೆ ನನ್ನ ಅಭಿಪ್ರಾಯವೂ ಅದೇ ಆಗಿದ್ದರಿಂದ ಸುಮ್ಮನಾದೆ.

ನಮ್ಮದು ಗುಮಾಸ್ತರ, ಮೇಷ್ಟ್ರುಗಳ ವಂಶ. ನಮ್ಮಲ್ಲಿ ಸಸ್ಪೆನ್ಷನ್ ಅಂದರೆ ಒಂದೇ ಅರ್ಥ. ಚಿಕ್ಕಬಳ್ಳಾಪುರಕ್ಕೆ ಓಡಾಡುವುದೆಂದರೂ ಒಂದೇ ಅರ್ಥ: ಜಿಲ್ಲಾ ಕಚೇರಿಯಲ್ಲಿ ಸಾಹೇಬರ ಕೈಕಾಲು ಹಿಡಿಯುವುದು. ಆ ಊರಿನಲ್ಲಿ ಗ್ಯಾರೇಜೂ ಇದೆ ಅಂತ ಯಾರಿಗೆ ಹೊಳೆಯಬೇಕು? ಕಾರಿನ ಸುದ್ದಿಯೇ ನಾನು ಎತ್ತಲಿಲ್ಲ ಅಂತ ಅತ್ತೆ ಇವತ್ತಿಗೂ ಸಾಧಿಸುತ್ತಾರೆ.

ವಾರದೊಳಗೆ ಹುಡುಗಿಯ ತಂದೆ ಫೋನ್ ಮಾಡಿದರು. ಅವರದು ತೆಲುಗು ಬೆರೆತ ಕನ್ನಡ.

“ಏಮಮ್ಮಾ, ನಿಮ್ ಅಬ್ಬಾಯಿ ಏನ್ ಮಾಡ್ಕೊಂಡ? ದುಡ್ಡಿನ ವಿಷ್ಯಾನಾ, ಗಲಾಟೆನಾ?”

ವಿವರಿಸಿದೆ.

“ಕಾರಿಗೆ ಸಸ್ಪೆನ್ಷನ್ನಾ? ಕಾರೇನಮ್ಮಾ ಗೌರ್ಮೆಂಟ್ ಸರ್ವೆಂಟಾ?”

ಮತ್ತೆ ವಿವರಿಸಿದೆ. ಸ್ಪ್ರಿಂಗು, ಶಾಕು, ಹಂಪು. ವಿವರಿಸಿದಷ್ಟೂ ಅದು ನನ್ನ ಕಿವಿಗೇ ಸುಳ್ಳಿನಂತೆ ಕೇಳತೊಡಗಿತು. ಕೊನೆಗೆ, “ಆಯ್ತು ಬಿಡಮ್ಮಾ, ನೋಡಣ,” ಅಂದರು. ಹೆಣ್ಣು ಕೊಡುವವರು ‘ನೋಡಣ’ ಅಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕೆ?

ನವೀನ ಹುಡುಗಿಗೇ ಫೋನ್ ಮಾಡಿ ನಡೆದದ್ದು ಹೇಳಿದ. ಅವಳು ನಕ್ಕಳಂತೆ. ಅವಳಪ್ಪ ಮಾತ್ರ ಇನ್ನೂ ನಕ್ಕಿಲ್ಲ.

ಕಾರು ಸಿದ್ಧವಾಗಿ ಬಂತು. ಜಂಗಮಕೋಟೆಯ ಹಂಪನ್ನು ಬೆಣ್ಣೆಯ ಹಾಗೆ ದಾಟಿತು. ಬೇರೆ ದಿನವಾಗಿದ್ದರೆ ವಾಪಸ್ ತಿರುಗಿಸಿ ಮತ್ತೆ ದಾಟಿಸಿ ತೋರಿಸುತ್ತಿದ್ದ. “ಚೆನ್ನಾಗಾಗಿದೆ ಅಲ್ವಾ?” ಅಂದ, ನನ್ನ ಮುಖ ನೋಡದೆ.

ಆಮೇಲೆ ತಿಳಿಯಿತು. ಅತ್ತೆ ಸಾದಲಿಯ ಚಿಕ್ಕಮ್ಮನಿಗೆ ಹೇಳಿದ್ದರು, ಚಿಕ್ಕಮ್ಮ ತಮ್ಮ ಬೀಗರಿಗೆ, ಬೀಗರು ಚಿಂತಾಮಣಿಗೆ. ಎಲ್ಲರಿಗೂ ಒಂದೇ ಕಾಳಜಿ, ಪಾಪ: ಹೆಣ್ಣು ಕೊಡುವವರು ಮೋಸ ಹೋಗಬಾರದು! ಅವರು ತಪ್ಪು ತಿಳಿದರೆಂದು ನನಗೆ ಸಿಟ್ಟಿಲ್ಲ. ಆ ಪದವೇ ಹಾಗಿದೆ. ತಿಳಿದ ಮೇಲೆ ಏನು ಮಾಡಿದರು ಅನ್ನುವುದಕ್ಕೆ ಸಿಟ್ಟು.

ಅತ್ತೆಗೆ ಫೋನ್ ಮಾಡಿ ಒಂದೇ ಒಂದು ಪ್ರಶ್ನೆ ಕೇಳಿದೆ. ಕುಕ್ಕರ್ ಕೂಗ್ತಿದೆ ಅಂತ ಫೋನ್ ಇಟ್ಟವರು ಇನ್ನೂ ಉತ್ತರ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ:

“ನೀವೇ ಎತ್ತಿ ಆಡಿಸಿದ ಹುಡುಗ ಸಸ್ಪೆಂಡ್ ಆಗಿದಾನೆ ಅಂತ ನಿಜವಾಗ್ಲೂ ನಂಬಿದ್ರಲ್ಲ ಅತ್ತೆ, ಅವನಿಗೊಂದು ಫೋನ್ ಮಾಡಿ ‘ಹೆಂಗಿದೀಯಪ್ಪಾ’ ಅಂತ ಯಾಕೆ ಕೇಳ್ಲಿಲ್ಲ?”